ಮೊದಲ ಹಿಡಿ ಹತ್ತಿಬೀಜ

ನನ್ನ ಗಂಡ ಸತ್ತಾಗ ಊರ ಜನ ಮೊದಲು ಅತ್ತರು, ಆಮೇಲೆ ನನ್ನ ಕೈ ನೋಡಿದರು. ಬಳೆಯಿಲ್ಲದ ಕೈ ನೋಡಿ ಮರುಗಿದರು ಅಂತಲ್ಲ. ಆ ಕೈ ಇನ್ನು ಮುಂದೆ ಏನೇನು ಮುಟ್ಟಬಾರದು ಎಂದು ನೋಡಿಕೊಂಡರು. ಅರಿಶಿನದ ಬಟ್ಟಲು, ಮದುವೆಮನೆಯ ಅಕ್ಷತೆ, ಬಾಣಂತಿಯ ಉಡಿ, ಇವೆಲ್ಲ ನನಗೆ ಗೊತ್ತಿದ್ದವು. ಹತ್ತಿಬೀಜವೂ ಅದರಲ್ಲಿ ಸೇರಿದೆ ಎಂದು ಗೊತ್ತಿರಲಿಲ್ಲ. ನನ್ನ ತವರು ಸುರಪುರದ ಕಡೆ. ಅಲ್ಲಿ ಹೊಲಕ್ಕೆ ಮೊದಲ ಬೀಜವನ್ನು ನನ್ನಪ್ಪ ಹಾಕುತ್ತಿದ್ದ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು, ಯಾರನ್ನೋ ಬೈಯುತ್ತ. ಬೆಳೆ ಚೆನ್ನಾಗಿಯೇ ಬರುತ್ತಿತ್ತು.

ಗಂಡನ ಮನೆಯ ಹೊಲ ದೋರನಹಳ್ಳಿಯಿಂದ ಒಳಗೆ, ಕಪ್ಪು ಎರೆ ಭೂಮಿ. ನಾರಾಯಣಪುರದ ಕಾಲುವೆ ನೀರು ಸುತ್ತಲಿನ ಎಷ್ಟೋ ಊರುಗಳಿಗೆ ಹರಿಯುತ್ತದೆ, ನಮ್ಮ ದಿಬ್ಬಕ್ಕೆ ಮಾತ್ರ ಹತ್ತುವುದಿಲ್ಲ. ಮಳೆ ಬಂದರೆ ಬೆಳೆ. ಮಾವ ತೀರಿಕೊಂಡ ಮೇಲೆ ಹೊಲದ ನಡುವೆ ಮಣ್ಣಿನ ಒಡ್ಡು ಹಾಕಿ ಎರಡು ಪಾಲು ಮಾಡಿದರು. ಕೆಳಗಿನ ದೊಡ್ಡ ಪಾಲು ಗಂಡನ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ. ಮೇಲಿನ ಸಣ್ಣ ಪಾಲು ನಮಗೆ. ದೊಡ್ಡದು ಅವನಿಗೇ ಯಾಕೆ ಎಂದು ನನ್ನ ಗಂಡ ಕೇಳಲಿಲ್ಲ. ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ, ಕಾಮಾಲೆ ಬಂದಾಗ ಡಾಕ್ಟರನ್ನೂ ಕೇಳಲಿಲ್ಲ.

ತಮ್ಮನ ಹೆಂಡತಿಯ ಜೊತೆ ಭಾವ ನೇರವಾಗಿ ಮಾತಾಡಬಾರದೆಂಬ ರೀತಿ ನಮ್ಮಲ್ಲಿದೆ. ನನ್ನ ಭಾವ ಅದನ್ನು ಬಹಳ ನಿಷ್ಠೆಯಿಂದ ನಡೆಸಿಕೊಂಡು ಬಂದವನು. ನಾನು ಎದುರಿಗೇ ನಿಂತಿದ್ದರೂ ಕಂಬಕ್ಕೆ ಹೇಳುತ್ತಿದ್ದ, ಎತ್ತಿಗೆ ಹೇಳುತ್ತಿದ್ದ, ಹೆಚ್ಚಾಗಿ ಹೆಂಡತಿಗೆ ಹೇಳುತ್ತಿದ್ದ. ಆ ಹೆಂಡತಿ ನನ್ನ ನೆಗೆಣ್ಣಿ. ನಾನು ಅಕ್ಕ ಎಂದು ಕರೆಯುತ್ತಿದ್ದೆ, ಕರೆದಾಗಲೆಲ್ಲ ನಾಲಿಗೆ ಕಹಿಯಾಗುತ್ತಿತ್ತು. ಬಾಯಿ ತುಂಬ ಎಲೆ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಗಂಡ ಹೇಳಿದ್ದನ್ನು ನನ್ನ ಕಿವಿಗೆ ಮುಟ್ಟಿಸುವಾಗ ತನ್ನ ಕಡೆಯಿಂದಲೂ ಸ್ವಲ್ಪ ಖಾರ ಬೆರೆಸುತ್ತಿದ್ದಳು.

ಗಂಡನ ವರ್ಷಾಂತಿಕ ಮುಗಿದ ಮೇಲೆ ಭಾವ ಹಿರಿಯರನ್ನು ಗುಡಿಕಟ್ಟೆಗೆ ಸೇರಿಸಿದ. ಒಂಟಿ ಹೆಂಗಸು, ಮಗಳು ಶಹಾಪುರದ ಹಾಸ್ಟೆಲ್‌ನಲ್ಲಿ, ಇವಳಿಗೆ ಒಕ್ಕಲುತನ ಯಾಕೆ ಎಂಬುದು ಅವನ ತಕರಾರು. ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಆಗ ಅವನು ಕಟ್ಟೆಯ ಬೇವಿನ ಮರದ ಕಡೆ ನೋಡುತ್ತ ತೀರ್ಮಾನ ಹೇಳಿದ.

"ಮೂರು ಬೆಳಿ ನೋಡೂಣು. ಒಂದು ಬೆಳಿಯಾಗರೆ ಆಕಿ ಹೊಲದಾಗಿನ ಹತ್ತಿ ನನ್ನ ಹತ್ತಿಗಿ ಸಮ ಬಂದ್ರ ಆಕಿನೇ ಮಾಡ್ಲಿ. ಬರಲಿಲ್ಲಂದ್ರ ಹೊಲ ನಾ ಮಾಡ್ತೀನಿ, ಆಕಿಗಿ ಉಣ್ಣಾಕ ಕಾಳು ಕೊಡ್ತೀನಿ."

ಹಿರಿಯರು ತಲೆಯಾಡಿಸಿದರು. ನಾನೂ ಒಪ್ಪಿದೆ. ಒಂದೇ ಎರೆ, ಒಂದೇ ಮಳೆ, ಒಂದೇ ಅಂಗಡಿಯ ಬೀಜ, ಸಮ ಬಾರದೆ ಏನಾಗುತ್ತದೆ ಎಂದುಕೊಂಡೆ. ಕಾಳಿಗೆ ಕೈಯೊಡ್ಡಿ ನೆಗೆಣ್ಣಿಯ ಬಾಗಿಲಲ್ಲಿ ನಿಲ್ಲುವ ಚಿತ್ರ ಕಣ್ಣ ಮುಂದೆ ಬಂತು.

ನಮ್ಮಲ್ಲಿ ಬಿತ್ತುವ ಮಾತನ್ನು ಯಾರೂ ತಾರೀಖಿನ ಮೇಲೆ ಆಡುವುದಿಲ್ಲ, ಮಳೆಯ ಹೆಸರಿನ ಮೇಲೆ ಆಡುತ್ತಾರೆ. ಮೊದಲು ಮಿರಗ, ಅಂದರೆ ಮೃಗಶಿರ, ಅದರ ಹಿಂದೆ ಆರಿದ್ರ, ಆಮೇಲೆ ಪುನರ್ವಸು, ಪುಷ್ಯ. ಹತ್ತಿಗೆ ಮಿರಗ ಒಳ್ಳೆಯದು, ಆರಿದ್ರವೂ ನಡೆಯುತ್ತದೆ. ಪುನರ್ವಸು ದಾಟಿತೆಂದರೆ ಒಕ್ಕಲಿಗ ಗೊಣಗಲು ಶುರು ಮಾಡುತ್ತಾನೆ. ಪುಷ್ಯದಲ್ಲಿ ಹತ್ತಿ ಹಾಕುವವನನ್ನು ನೋಡಿ ಜನ ಬೀಡಿ ಹಚ್ಚಿಕೊಂಡು ನಗುತ್ತಾರೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು, ನನ್ನ ಭಾವನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಮೊದಲ ವರ್ಷ ಮಿರಗದ ಮಳೆ ಚೆನ್ನಾಗಿ ಬಿತ್ತು. ನಾನು ಬೀಜದ ಪಾಕೀಟು ತಂದಿಟ್ಟು, ಕುಂಟೆ ಹೊಡೆಸಿ ಹೊಲ ಹರಗಿಸಿ, ಆಳುಗಳಿಗೆ ಹೇಳಲು ಹೊರಟೆ. ನೆಗೆಣ್ಣಿ ಬಾಗಿಲಲ್ಲೇ ತಡೆದಳು. ನಮ್ಮ ಮನೆತನದ ಹೊಲಕ್ಕೆ ಮೊದಲ ಹಿಡಿ ಬೀಜ ಮುತ್ತೈದೆಯ ಉಡಿಯಿಂದ ಬೀಳಬೇಕಂತೆ. ಮುತ್ತೈದೆ ಅಂದರೆ ಗಂಡ ಬದುಕಿರುವವಳು. ಅದೂ ಮನೆಯ ಮುತ್ತೈದೆಯೇ ಆಗಬೇಕು, ಹೊರಗಿನವಳ ಕೈಯಿಂದ ಹಾಕಿಸಿದರೆ ಬೆಳೆ ಅವರ ಮನೆಗೆ ನಡೆದುಹೋಗುತ್ತದಂತೆ. ಮಾವ ತೀರಿಕೊಂಡು ಅತ್ತೆಯ ಮುತ್ತೈದೆತನ ಹೋದ ಮೇಲೆ, ಹಿರಿಸೊಸೆಯೆಂದು ಎರಡೂ ಪಾಲಿಗೆ ನೆಗೆಣ್ಣಿಯೇ ಹಾಕುತ್ತಿದ್ದಳು. ಗಂಡ ಇದ್ದಾಗ ಅದನ್ನೊಂದು ಪೂಜೆ ಎಂದು ನೋಡಿ ಸುಮ್ಮನಿದ್ದೆ. ಈಗ ಅದರ ಹಲ್ಲು ಕಾಣಿಸಿತು.

ಹಾಗಾದರೆ ಬಂದು ಹಾಕು ಅಕ್ಕ ಎಂದೆ. ಬರುತ್ತೇನೆ ಎಂದಳು. ಆದರೆ ಮೊದಲು ಮನೆಯ ಹಿರಿಯನ, ಅಂದರೆ ಅವಳ ಗಂಡನ ಹೊಲ. ಆ ದೊಡ್ಡ ಹೊಲಕ್ಕೆ ಬೀಜ ಊರಿ ಮುಗಿಯುವುದರಲ್ಲಿ ಮತ್ತೆ ಮಳೆ ಬಂದು ಕೆಸರಾಯಿತು. ಕೆಸರು ಆರುವುದರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅದು ಮುಗಿದರೆ ಅವಳ ತವರಿನಿಂದ ನೆಂಟರು. ನೆಂಟರು ಹೋದರೆ ಸೊಂಟನೋವು. ಅವಳ ಗಂಡನ ಹೊಲದಲ್ಲಿ ಹತ್ತಿ ನಾಲ್ಕೆಲೆ ಬಿಟ್ಟು ಗಾಳಿಗೆ ತಲೆಯಾಡಿಸುತ್ತಿತ್ತು, ನನ್ನ ಹೊಲದಲ್ಲಿ ಕಸ ಮೊಳಕಾಲು ಮುಟ್ಟಿತ್ತು. ಮತ್ತೆ ಹರಗಿಸಿದೆ. ಕೊನೆಗೆ ಪುಷ್ಯದ ಮಳೆಯಲ್ಲಿ ಒಂದು ದಿನ ತಟ್ಟೆ ಹಿಡಿದುಕೊಂಡು ಬಂದಳು. ಪಾಕೀಟಿಗೆ ಕುಂಕುಮ ಹಚ್ಚಿದಳು, ತೆಂಗಿನಕಾಯಿ ಒಡೆದಳು, ಸೆರಗಿನ ಉಡಿಯಿಂದ ಒಂದು ಹಿಡಿ ಬೀಜ ತೆಗೆದು ಸಾಲಿಗೆ ಹಾಕಿದಳು. ಕಂಪನಿಯವರು ವಿಷ ಸವರಿ ಕೆಂಪು ಬಣ್ಣ ಹಚ್ಚಿದ ಬೀಜ ಅದು. ಹಾಕಿದ ಮೇಲೆ ಅವಳ ಕೈ ಕೆಂಪಾಯಿತು. ಆ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಊರೊಳಗೆ ಹೋದಳು.

ನಾನು ಮಾತ್ರ ಒಡ್ಡಿನ ಮೇಲೆ ನಿಲ್ಲಬೇಕಿತ್ತು. ಮೊದಲ ಹಿಡಿ ಬೀಳುವಾಗ ಒಳಗೆ ಕಾಲಿಡುವಂತಿರಲಿಲ್ಲ. ನನ್ನ ಹೊಲದ ಅಂಚಿನಲ್ಲಿ ನಾನೇ ದಾರಿಹೋಕಳ ಹಾಗೆ ನಿಂತು ನೋಡಿದೆ.

ಆ ವರ್ಷ ನಾನು ಹತ್ತಿ ಗಿಡದ ಬಾಳನ್ನು ಹತ್ತಿರದಿಂದ ನೋಡಿದೆ. ಹೊತ್ತಿಗೆ ಸರಿಯಾಗಿ ನೆಲಕ್ಕೆ ಬಿದ್ದ ಬೀಜಕ್ಕೆ ಅವಸರ ಇರುವುದಿಲ್ಲ. ಮೊದಲು ಬೇರು ಇಳಿಸುತ್ತದೆ, ಆಮೇಲೆ ಕಾಂಡ ದಪ್ಪ ಮಾಡಿಕೊಳ್ಳುತ್ತದೆ, ಮಗ್ಗುಲಿಗೆ ಟೊಂಗೆ ಬಿಡುತ್ತದೆ, ಆಮೇಲೆ ಮೊಗ್ಗು. ಕೆಳಗಿನ ಹೊಲದ ಗಿಡಗಳು ಮಘಾ ಮಳೆಯ ಹೊತ್ತಿಗೆ ಹೂ ಬಿಟ್ಟವು. ಬೆಳಿಗ್ಗೆ ಹಾಲಿನ ಬಣ್ಣ, ಮರುದಿನ ನೋಡಿದರೆ ಗುಲಾಬಿ. ನನ್ನವು ಆಗಿನ್ನೂ ಎಲೆ ಎಣಿಸುತ್ತಿದ್ದವು. ನನ್ನ ಗಿಡ ಹೂ ಬಿಡುವ ಹೊತ್ತಿಗೆ ಮಳೆ ಕೈ ಬಿಟ್ಟಿತ್ತು, ಎರೆ ಬಿರುಕು ಬಿಟ್ಟು ಬೇರು ಹರಿಯುತ್ತಿತ್ತು. ಮೊಳಕಾಲೆತ್ತರದಲ್ಲೇ ಗಿಡ ಬೆಳೆಯುವುದನ್ನು ನಿಲ್ಲಿಸಿತು. ಟೊಂಗೆ ಕಡಿಮೆ, ಕಾಯಿ ಅದಕ್ಕಿಂತ ಕಡಿಮೆ. ಇದ್ದ ಕಾಯಿಗೆ ಕಾಯಿ ಕೊರೆಯುವ ಗುಲಾಬಿ ಹುಳ ಬಿತ್ತು. ಊರ ಹತ್ತಿಯೆಲ್ಲ ಬಿಡಿಸಿ ಮುಗಿದು ಹುಳುಗಳಿಗೆ ಬೇರೆಲ್ಲೂ ಹಸಿ ಕಾಯಿ ಸಿಗದಿದ್ದಾಗ ಅವು ಇನ್ನೆಲ್ಲಿಗೆ ಹೋಗಬೇಕು, ನನ್ನ ಹೊಲಕ್ಕೇ ಬಂದವು. ಚಳಿಗೆ ಎಲೆ ಕೆಂಪಾಯಿತು. ಅರ್ಧ ಬಾಯಿ ತೆರೆದ ಕಾಯಿಗಳಿಂದ ಕಲೆ ಬಿದ್ದ ಅರಳೆಯನ್ನು ಉಗುರಿನಿಂದ ಕಿತ್ತು ತೆಗೆದೆ.

ಭಾವ ಒಡ್ಡಿನ ಮೇಲೆ ಬಂದು ನಿಂತು, ತನ್ನ ಎತ್ತಿಗೆ, ಒಂದು ಬೆಳಿ ಆತು, ಎಂದು ಹೇಳಿದ.

ಎರಡನೆಯ ವರ್ಷವೂ ಇದೇ ನಾಟಕ. ಭಾವನ ಹೊಲ ಮೊದಲು, ಆಮೇಲೆ ಒಂದೊಂದಾಗಿ ನೆಪ. ಈ ಸಲ ಬೇಗ ಬಾ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ ಇತ್ತು. ಮತ್ತೆ ಪುಷ್ಯ, ಮತ್ತೆ ಅದೇ ಕುಳ್ಳ ಗಿಡ. ಹಿರಿಯರಲ್ಲೊಬ್ಬ ಹೊಲ ನೋಡಲು ಬಂದು, ಇದ್ಯಾಕೆ ಹೀಗೆ ಎಂದು ಕೇಳಿದ. ತಡವಾಗಿ ಹಾಕಿದರೆ ಇನ್ನು ಹೇಗೆ ಬರುತ್ತದೆ ಎಂದು ನಾನು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ ಉತ್ತರ ಕೊಟ್ಟಳು.

"ನಾ ನೀಟಾಗೇ ಹಾಕೀನಿ. ಆಕಿ ಒಡ್ಡಿನ ಮ್ಯಾಲ ನಿಂತಿದ್ಳು. ನೆರಳ ಬಿತ್ತು."

ಹಿರಿಯ ಹ್ಞೂಂಗುಟ್ಟಿದ. ಮುತ್ತೈದೆ ಹಾಕಿದ ಬೀಜ, ವಿಧವೆಯ ನೆರಳಿಗೆ ಸುಟ್ಟುಹೋಯಿತು. ಮಳೆ, ಬಿಸಿಲು, ಹುಳ ಯಾವುದೂ ಅವನ ಲೆಕ್ಕಕ್ಕಿಲ್ಲ. ಅವನು ಜೀವಮಾನವೆಲ್ಲ ಹತ್ತಿ ಬೆಳೆದವನು, ಪುಷ್ಯದಲ್ಲಿ ಹಾಕಿದ ಹತ್ತಿ ಹೇಗೆ ಬರುತ್ತದೆ ಎಂದು ಚೆನ್ನಾಗಿ ಬಲ್ಲವನು. ಗೊತ್ತಿದ್ದೂ ಹ್ಞೂಂ ಎಂದ. ಅವತ್ತು ಮನೆಗೆ ಬಂದು ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ನನ್ನ ಸಿಟ್ಟೆಲ್ಲ ತೀರಿಸಿಕೊಂಡೆ. ಆ ರೊಟ್ಟಿಗಳು ತಿನ್ನಲು ಬರುವಂತಿರಲಿಲ್ಲ.

ಮೂರನೆಯ ವರ್ಷ ಕೊನೆಯದು. ಅದು ತಪ್ಪಿದರೆ ಹೊಲ ಹೋಯಿತು, ಕಾಳಿನ ಚೀಲ ಹಿಡಿದು ಅವಳ ಬಾಗಿಲಿಗೆ ಹೋಗಬೇಕು. ಮಿರಗ ಚೆನ್ನಾಗಿ ಬಡಿಯಿತು. ನನ್ನದು ಮೇಲಿನ ಹೊಲ, ನೀರು ಬೇಗ ಬಸಿದು ಹೋಗುತ್ತದೆ, ಕೆಳಗಿನ ಹೊಲಕ್ಕಿಂತ ಮೊದಲು ಹದಕ್ಕೆ ಬರುತ್ತದೆ. ಮಣ್ಣು ಹಿಡಿದು ನೋಡಿದೆ, ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಯಿತು. ಭಾವನ ಹೊಲದಲ್ಲಿ ಇನ್ನೂ ಕಾಲು ಹುಗಿಯುತ್ತಿತ್ತು. ಅಂದರೆ ಅವನು ಗೊತ್ತು ಮಾಡಿಟ್ಟಿದ್ದ ಆಳುಗಳು ಅಂದು ಕೆಲಸವಿಲ್ಲದೆ ಕೂತಿದ್ದರು.

ಬೀಜ ಊರುವ ಹೆಂಗಸರ ಗುಂಪಿಗೆ ಒಬ್ಬ ಮುಸಲ್ಮಾನ ಹೆಂಗಸು ಮುಂದಾಳು. ಅವಳ ಮನೆಗೆ ಹೋಗಿ, ಇವತ್ತೇ ಬರಬೇಕು, ಮೊದಲ ಹಿಡಿ ನಾನೇ ಹಾಕುತ್ತೇನೆ, ಆಮೇಲೆ ಜಗಳ ಬಂದರೆ ನನ್ನದು ಎಂದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಮೊದಲ್ನೇ ಮುಟಿಗಿ ನೀವು ಹಾಕ್ರಿ. ಬಾಕಿ ಹೊಲ ಪೂರಾ ನಾವೇ ಹಾಕ್ತೀವಲ್ಲ. ನಮ್ಮ ಗುಂಪಿನ್ಯಾಗ ಗಂಡ ಸತ್ತೋರು ಎಷ್ಟು ಮಂದಿ ಅದೀವಿ, ನಿಮ್ಮ ಭಾವ ಯಾವತ್ತರೆ ಕೇಳ್ಯಾರೇನ್ರಿ?"

ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಒಂದು ಹಿಡಿ ಬೀಜಕ್ಕೆ ಮಾತ್ರ ಮುತ್ತೈದೆ ಬೇಕು. ಉಳಿದ ಇಡೀ ಹೊಲವನ್ನು ಬಿಸಿಲಲ್ಲಿ ಬಗ್ಗಿ ಊರುವವರ ಹಣೆ, ಕೈ, ಕೊರಳು ಯಾರೂ ನೋಡುವುದಿಲ್ಲ. ಕೂಲಿ ಕೈಗೆ ಗಂಡ ಬೇಕಾಗಿಲ್ಲ. ನನಗೆ ಬಂದ ನಗು ಒಳ್ಳೆಯ ನಗುವಾಗಿರಲಿಲ್ಲ.

ಹೊಲಕ್ಕೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಡಿಗೆ ಬೀಜ ಸುರಿದುಕೊಂಡು ಮೊದಲ ಸಾಲಿಗೆ ಬಗ್ಗಿದೆ. ಅಷ್ಟರಲ್ಲಿ ಊರೊಳಗೆ ಸುದ್ದಿ ಮುಟ್ಟಿತ್ತು. ನೆಗೆಣ್ಣಿ ಬರಿಗಾಲಲ್ಲಿ ಓಡಿ ಬಂದಳು. ಒಡ್ಡಿನ ಆಚೆ ನಿಂತು, ಹೊಲಕ್ಕ ಕೆಡಕ ಮಾಡಬ್ಯಾಡ, ನಾಳೆ ನಾನೇ ಬರ್ತೀನಿ, ಎಂದು ಬೇಡಿಕೊಂಡಳು. ಮುಖ ಬಿಳುಚಿಕೊಂಡಿತ್ತು. ನಾನು ಅದನ್ನು ನಾಟಕ ಎಂದುಕೊಂಡೆ. ಎರಡು ವರ್ಷ ನೀನೇ ಹಾಕಿದೆಯಲ್ಲ, ಏನು ಉದ್ಧಾರವಾಯಿತು ಎಂದು ಕೇಳಿದೆ. ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು ಮೊದಲ ಹಿಡಿ ಹಾಕಿದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ತಿರುಗಿ ಹೋದಳು. ಸಂಜೆ ನಲ್ಲಿಯ ಹತ್ತಿರ ಕೊಡ ತುಂಬುವಾಗ ನನ್ನ ಕೆಂಪು ಬೆರಳು ನೋಡಿ ಹೆಂಗಸರು ತಮ್ಮ ಕೊಡಗಳನ್ನು ಆಚೆ ಸರಿಸಿಕೊಂಡರು. ನಾನು ಬೇಕಂತಲೇ ಒಬ್ಬೊಬ್ಬರ ಕೊಡವನ್ನೂ ಮುಟ್ಟಿದೆ.

ಆ ವರ್ಷ ಹತ್ತಿ ಹೇಗೆ ಬೆಳೆಯಬೇಕೋ ಹಾಗೆ ಬೆಳೆಯಿತು. ಕಳೆ ತೆಗೆಯಲು ಎರಡು ಸಲ ಎಡೆ ಹೊಡೆಸುವುದರಲ್ಲಿ ಗಿಡ ಹಬ್ಬಿ ಸಾಲು ಕೂಡಿಕೊಂಡಿತು. ಎರಡೂ ಹೊಲ ಒಂದೇ ಹೊತ್ತಿಗೆ ಹೂ ಬಿಟ್ಟವು, ದೂರದಿಂದ ನೋಡಿದರೆ ನಡುವಿನ ಒಡ್ಡೇ ಕಾಣುತ್ತಿರಲಿಲ್ಲ. ಅದನ್ನು ನೋಡಿ ಭಾವನಿಗೆ ಹೊಟ್ಟೆ ಉರಿಯಿತು. ಹಸ್ತ ಮಳೆ ಜಡಿ ಹಿಡಿದಾಗ ಅವನಿಗೆ ಸ್ವಲ್ಪ ಜೀವ ಬಂತು. ಬೇಗ ಹಾಕಿದ ಹತ್ತಿಗೆ ಈ ಒಂದು ಭಯ ಇದ್ದೇ ಇರುತ್ತದೆ; ಬುಡದ ಕಾಯಿ ಒಡೆಯುವ ಹೊತ್ತಿಗೆ ಮಳೆ ಹಿಡಿದರೆ ಅವು ಗಿಡದಲ್ಲೇ ಕಪ್ಪಾಗಿ ಕೊಳೆಯುತ್ತವೆ. ನನ್ನವೂ ಕೊಳೆತವು. ರಂಡೆಯ ಕೈ ಈಗ ಗುಣ ತೋರಿಸಿತು ಎಂದು ಅವನು ಕಟ್ಟೆಯ ಮೇಲೆ ಕೂತು ಸಾರಿದ. ಅವನ ಹೊಲದಲ್ಲೂ ಬುಡದ ಕಾಯಿ ಅಷ್ಟೇ ಕೊಳೆತಿದ್ದವು. ಅದರ ಬಗ್ಗೆ ಕಟ್ಟೆಯ ಮೇಲೆ ಮಾತಿಲ್ಲ.

ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ನಡುವಿನ ಟೊಂಗೆ, ಮೇಲಿನ ಟೊಂಗೆಗಳ ಕಾಯಿ ಒಂದೊಂದಾಗಿ ಬಾಯಿ ಬಿಟ್ಟವು. ದೀಪಾವಳಿಯ ಹೊತ್ತಿಗೆ ಎದೆಯುದ್ದ ಗಿಡದ ಮೇಲೆ ಹೊಲದ ತುಂಬ ಬೆಳ್ಳಗೆ. ವಡಗೇರಾ ಬಸ್ಸಿಗೆ ಕಾಯುವ ಜನ ರಸ್ತೆಯಿಂದಿಳಿದು ಬಂದು ನೋಡಿ ಹೋದರು. ಹಿರಿಯರೂ ಬಂದರು. ಸಮ ಬಂದಿದೆ ಎಂದು ಹೇಳಲೇಬೇಕಾಯಿತು, ಹೇಳಿದರು, ಮುಖ ಸೊಟ್ಟ ಮಾಡಿಕೊಂಡು ಹೇಳಿದರು. ಭಾವ ತನ್ನ ಎತ್ತಿನ ಕಡೆ ತಿರುಗಿ, ಆಕಿ ಗೊಬ್ಬರ ಜಾಸ್ತಿ ಹಾಕ್ಯಾಳ, ಎಂದ. ಹೊಲ ನನ್ನದಾಗಿ ಉಳಿಯಿತು. ಆ ದಿನದಿಂದ ಎರಡು ಮನೆಗಳ ನಡುವೆ ಬೆಂಕಿಕಡ್ಡಿ ಕೂಡ ಕೊಡುವುದು ತರುವುದು ನಿಂತುಹೋಯಿತು. ನನಗೆ ಅದರಿಂದ ದುಃಖವಾಗಲಿಲ್ಲ.

ಅದಾಗಿ ಒಂದು ಬೆಳೆ ಕಳೆದು, ಮುಂದಿನ ಬೇಸಿಗೆ ಬರುವ ಮೊದಲು ಭಾವ ಸತ್ತ. ಯಾದಗಿರಿಗೆ ಹೋಗಿದ್ದವನು ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ನಾನು ಹೆಣದ ಮುಂದೆ ಕೂತೆ, ಅಳು ಬರಲಿಲ್ಲ. ನೆಗೆಣ್ಣಿಯ ಬಳೆ ಒಡೆಯುವಾಗ ಊರ ಹೆಂಗಸರು ಅವಳ ಕೈ ನೋಡುತ್ತಿದ್ದರು, ನನ್ನದನ್ನು ನೋಡಿದ ಹಾಗೆಯೇ. ನೋಡಲಿ, ಇವಳಿಗೂ ಗೊತ್ತಾಗಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆಯಾಗಬೇಕು ಎಂದು ಅವಳ ಮಗನಿಗೆ ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಅವನು ವಡಗೇರಾ ಯಾದಗಿರಿ ನಡುವೆ ಟಂಟಂ ಆಟೋ ಓಡಿಸುತ್ತಾನೆ, ಹೊಲದ ಗೊಡವೆ ಅವನಿಗೆ ಬೇಡ, ಅವ್ವ ಹೇಳಿದಂತೆ. ಈಗ ಮನೆಯ ಮುತ್ತೈದೆ ಎಂದರೆ ಹೊಸ ಸೊಸೆ. ಆ ವರ್ಷ ಮಿರಗ ಬರೀ ತುಂತುರು ಹಾಕಿ ಹೋಯಿತು, ಬಿತ್ತುವ ಮಳೆ ಬಿದ್ದದ್ದು ಆರಿದ್ರದಲ್ಲಿ. ಅಷ್ಟರಲ್ಲಿ ಆಷಾಢ ಹಿಡಿದಿತ್ತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಇರಬಾರದೆಂದು ತವರಿಗೆ ಹೋಗಿದ್ದಳು, ಪಂಚಮಿ ಹಬ್ಬ ಅಲ್ಲೇ ಮುಗಿಸಿಕೊಂಡು ಬರುವವಳು. ಅಂದರೆ ಪುಷ್ಯವೂ ಮುಗಿಯುತ್ತದೆ.

ನಾನು ಮೊದಲ ಹದಕ್ಕೇ ಬೀಜ ಊರಿಸಿ ಮುಗಿಸಿದೆ. ಒಡ್ಡಿನ ಕೆಳಗೆ ದೊಡ್ಡ ಹೊಲ ಹರಗಿ ಬಿದ್ದಿತ್ತು, ಒಂದು ಕಾಳಿಲ್ಲ. ನನಗೆ ಸಂತೋಷವಾಯಿತು. ದಿನಾ ಬೆಳಿಗ್ಗೆ ಹೋಗಿ ನನ್ನ ಮೊಳಕೆ ನೋಡಿ, ಆಮೇಲೆ ಅವಳ ಬರಿ ಹೊಲ ನೋಡಿ ಬರುತ್ತಿದ್ದೆ, ನಾಲಿಗೆಗೆ ಬೆಲ್ಲ ಇಟ್ಟುಕೊಂಡ ಹಾಗೆ. ಬೀಜ ಊರುವವರ ಮುಂದಾಳು ನೆಗೆಣ್ಣಿಯ ಮನೆಗೂ ಹೋಗಿ, ಮೊದಲ್ನೇ ಮುಟಿಗಿ ನೀವೇ ಹಾಕ್ರಿ ಎಂದಳಂತೆ, ನೆಗೆಣ್ಣಿ ಎದ್ದು ಒಳಗೆ ಹೋಗಿಬಿಟ್ಟಳಂತೆ.

ಪುನರ್ವಸುವಿನಲ್ಲಿ ಮತ್ತೆ ಮಳೆ ಬಿದ್ದು ಅವಳ ಹೊಲದಲ್ಲಿ ಕಸ ಎದ್ದಿತು. ಇನ್ನು ಅದು ಹೂ ಬಿಟ್ಟು ಬೀಜ ಉದುರಿಸಿದರೆ ನನ್ನ ಹೊಲಕ್ಕೇ ಬರುತ್ತದೆ. ಹೆಣದ ಮುಂದೆ ಕೂತು ಬಂದದ್ದು ಬಿಟ್ಟರೆ ಎಷ್ಟೋ ದಿನದ ಮೇಲೆ ಅವಳ ಬಾಗಿಲು ತುಳಿದೆ. ಕರುಣೆಯಿಂದ ಹೋದೆ ಎಂದು ಯಾರೂ ತಿಳಿಯಬಾರದು, ಕಸದ ಸಿಟ್ಟಿಗೆ ಹೋದೆ. ಅವಳು ಬರಿ ಹಣೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಗಂಡ ಮಾತಾಡಿಸುತ್ತಿದ್ದ ಅದೇ ಕಂಬ. ನಾನು ನಿಂತುಕೊಂಡೇ ಮಾತು ಮುಗಿಸಿದೆ: ಹದ ಹೋಗುತ್ತಿದೆ, ನಿನಗೂ ಕೈ ಇದೆ, ನಾನು ಹಾಕಿದ ಬೀಜ ಹುಟ್ಟಿದ್ದನ್ನು ನೀನೇ ನೋಡಿದ್ದೀಯ, ನಾಳೆ ಹೋಗಿ ಹಾಕು. ಅವಳು ನನ್ನ ಮುಖ ನೋಡಲಿಲ್ಲ. ಸೊಸೆ ಬರಲಿ ಎಂದಳು. ಸೊಸೆ ಬರುವಷ್ಟರಲ್ಲಿ ಹತ್ತಿ ಹಾಕುವ ಕಾಲವೇ ಹೋಗುತ್ತದೆ ಎಂದೆ. ಹೋಗಲಿ ಎಂದಳು. ಬೈಯುತ್ತಲೇ ಮನೆಗೆ ಬಂದೆ. ಗಂಡ ಸತ್ತರೂ ಜಂಬ ಸಾಯಲಿಲ್ಲ ಇವಳದು ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ.

ಪಂಚಮಿ ಮುಗಿಸಿ ಸೊಸೆ ಬಂದಳು. ಎಳೆಯ ಹುಡುಗಿ, ಹೊಸ ಸೀರೆ, ಯಾವ ಸಾಲಿಗೆ ಯಾಕೆ ಹಾಕುತ್ತಿದ್ದೇನೆ ಎಂಬುದೂ ಗೊತ್ತಿಲ್ಲ. ಕುಂಕುಮ, ಕಾಯಿ, ಉಡಿ ಎಲ್ಲ ಆಯಿತು, ಮೊದಲ ಹಿಡಿ ಬಿತ್ತು. ನೆಗೆಣ್ಣಿ ಒಡ್ಡಿನ ಮೇಲೆ ದೂರ ನಿಂತಿದ್ದಳು, ನಾನು ನಿಲ್ಲುತ್ತಿದ್ದ ಜಾಗದಲ್ಲೇ. ನಾನು ನನ್ನ ಹೊಲದಲ್ಲಿ ಕಳೆ ಕೀಳುತ್ತ ಅವಳನ್ನು ನೋಡಿದೆ.

ಮುಂದೆ ಏನಾಯಿತೆಂದು ಹೇಳಬೇಕಾಗಿಯೇ ಇಲ್ಲ. ನನ್ನ ಗಿಡ ಎದೆ ಮುಟ್ಟಿದಾಗ ಅವಳವು ಮೊಳಕಾಲಿಗೆ ನಿಂತವು. ನಾನು ಎರಡನೆಯ ಸಲ ಹತ್ತಿ ಬಿಡಿಸುವಾಗ ಅವಳ ಕಾಯಿಗೆ ಹುಳ ಬಿದ್ದಿತ್ತು. ಚಳಿಗಾಲದ ಒಂದು ಬೆಳಿಗ್ಗೆ ನಾನು ಉಡಿ ಕಟ್ಟಿಕೊಂಡು ಒಡ್ಡಿನ ಪಕ್ಕದ ಸಾಲು ಬಿಡಿಸುತ್ತಿದ್ದೆ. ಅವಳು ತನ್ನ ಹೊಲದಲ್ಲಿ ಒಬ್ಬಳೇ, ಕೆಂಪಾದ ಎಲೆಗಳ ನಡುವೆ ಬಗ್ಗಿ, ಅರ್ಧ ತೆರೆದ ಕಾಯಿಯಿಂದ ಉಗುರಿನಿಂದ ಅರಳೆ ಕೀಳುತ್ತಿದ್ದಳು. ಅದು ಹೇಗೆ ಕೈ ಕೊರೆಯುತ್ತದೆ ಎಂದು ನನಗೆ ಗೊತ್ತು. ಬಾಯಿ ಮುಚ್ಚಿಕೊಂಡು ಇರಬಹುದಿತ್ತು, ಇರಲಿಲ್ಲ. ಬೀಜ ಮುತ್ತೈದೆಯೇ ಹಾಕಿದಳಲ್ಲ, ಈಗ ಯಾರನ್ನು ಬೈಯುತ್ತೀ ಎಂದು ಕೇಳಿದೆ. ಅವಳು ಜಗಳಕ್ಕೆ ಬರುತ್ತಾಳೆ ಎಂದು ಸೊಂಟದ ಮೇಲೆ ಕೈಯಿಟ್ಟು ತಯಾರಾಗಿ ನಿಂತೆ.

ಅವಳು ಬೆನ್ನು ನೆಟ್ಟಗೆ ಮಾಡಿ ಹೊಲದ ಉದ್ದಕ್ಕೂ ಒಮ್ಮೆ ನೋಡಿದಳು.

"ಆ ಹುಡಿಗಿದೇನೂ ತಪ್ಪಿಲ್ಲ ತಂಗಿ. ನಾ ಒಡ್ಡಿನ ಮ್ಯಾಲ ನಿಂತಿದ್ನಲ್ಲ. ನೆರಳ ಬಿತ್ತು."

ಹೇಳಿ ಮತ್ತೆ ಬಗ್ಗಿ ಕಾಯಿ ಕೀಳತೊಡಗಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅಳುವೂ ಇರಲಿಲ್ಲ. ಮೋಡ ನೋಡಿ ಮಳೆ ಬರುತ್ತದೆ ಎನ್ನುವವರ ದನಿ ಅದು. ಇಷ್ಟು ವರ್ಷ ಅವಳು ನನ್ನನ್ನು ಹೊಲದಿಂದ ಓಡಿಸಲು ಹೂಡಿದ ಆಟ ಎಂದೇ ಆ ಕಟ್ಟಳೆಯನ್ನು ದ್ವೇಷಿಸಿದ್ದೆ. ನೆಪ ಹೇಳಿ ತಡ ಮಾಡಿದ್ದು ಆಟವೇ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಆ ಮೊದಲ ಹಿಡಿ, ಆ ನೆರಳು, ಅವು ಆಟವಾಗಿರಲಿಲ್ಲ. ಅಂದು ಬರಿಗಾಲಲ್ಲಿ ಓಡಿ ಬಂದು ಬೇಡಿಕೊಂಡವಳು ನಿಜವಾಗಿಯೂ ಹೆದರಿದ್ದಳು. ಹೊಟ್ಟೆಕಿಚ್ಚಿನವಳ ಜೊತೆ ಜಗಳವಾಡಿ ಗೆಲ್ಲಬಹುದು, ನಾನು ಗೆದ್ದೂ ಇದ್ದೆ. ಇವಳ ಜೊತೆ ಯಾವ ಮಾತಿನಿಂದ ಜಗಳವಾಡಬೇಕು ಎಂದು ನನಗೆ ತಿಳಿಯಲಿಲ್ಲ.

ನಿನ್ನ ತಲೆ, ಪುಷ್ಯ ಮುಗಿದ ಮೇಲೆ ಹಾಕಿದರೆ ದೇವರು ಹಾಕಿದರೂ ಹೀಗೇ ಬರುತ್ತದೆ ಎಂದು ಕೂಗಿದೆ. ಅವಳ ಬುಟ್ಟಿಯಲ್ಲಿ ಕಲೆ ಬಿದ್ದ ಅರಳೆ ಬುಡ ಮುಚ್ಚುವಷ್ಟೂ ಆಗಿರಲಿಲ್ಲ. ಬೆಳಗಿನ ಬಿಸಿಲು ಇನ್ನೂ ಓರೆಯಾಗಿತ್ತು, ನನ್ನ ನೆರಳು ಒಡ್ಡು ದಾಟಿ ಅವಳ ಗಿಡಗಳ ಮೇಲೆ ಬಿದ್ದಿತ್ತು, ಅವಳ ನೆರಳೂ ಅಲ್ಲೇ ಇತ್ತು. ನಾನು ಉಡಿ ಬಿಗಿದುಕೊಂಡು ನನ್ನ ಸಾಲಿಗೆ ಹಿಂದಿರುಗಿದೆ.